ಉಭಯಕುಶಲೋಪರಿ: ಯುದ್ಧಕಾಲದ ನಾವಿಕರ ಪತ್ರಗಳು

ನನ್ನ ಹಳೆಯ ವಿದ್ಯಾರ್ಥಿಗಳಿಗೆ ಪತ್ರಲೇಖನದ ಪಾಠ ನೆನಪಿರಬಹುದು. ಬಲಗಡೆ ಮೇಲ್ತುದಿಯಲ್ಲಿ ಸ್ಥಳ, ಅದರ ಕೆಳಗೆ ದಿನಾಂಕ, ಎಡಗಡೆ ‘ತೀರ್ಥರೂಪು ತಂದೆಯವರಿಗೆ’ ಎಂಬ ಸಂಬೋಧನೆ, ಬಳಿಕ ‘ನಾನು ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಪತ್ರ ಬರೆಯುತ್ತಿರಬೇಕು, ಉಭಯಕುಶಲೋಪರಿ’ ಎಂಬ ಒಂದು ಸಾಲು. ಇಷ್ಟನ್ನು ಸರಿಯಾಗಿ ಬರೆದವರಿಗೆ ಅರ್ಧ ಅಂಕಗಳು ಅಲ್ಲಿಗೇ ಬಂದುಬಿಡುತ್ತಿದ್ದವು. ‘ಈ ಕ್ಷೇಮದ ಸಾಲನ್ನು ಎಲ್ಲರೂ ಬರೆಯುತ್ತಾರಲ್ಲ ಸರ್, ಅದರಲ್ಲಿ ಹೊಸ ವಿಷಯ ಏನಿದೆ?’ ಎಂದು ಪ್ರತಿವರ್ಷವೂ ಯಾರಾದರೊಬ್ಬ ಹುಡುಗ ಕೇಳುತ್ತಿದ್ದ. ಆ ಪ್ರಶ್ನೆಗೆ ತಕ್ಕ ಉತ್ತರವನ್ನು ಇತಿಹಾಸದಿಂದಲೇ ಹೇಳಬಹುದು. ಯುದ್ಧಕಾಲದಲ್ಲಿ ನಾವಿಕರು ಮನೆಗೆ ಬರೆದ ಪತ್ರಗಳೇ ಆ ಉತ್ತರ. ಅವುಗಳಲ್ಲಿ ಮೊದಲು ನಿಷಿದ್ಧವಾದದ್ದು ನಾನು ಅಂಕ ಕೊಡುತ್ತಿದ್ದ ಸ್ಥಳ. ಹಡಗು, ಪಯಣದ ದಿಕ್ಕು, ಜೊತೆಗಿರುವ ಹಡಗುಗಳು, ಕೆಲವೊಮ್ಮೆ ಹವಾಮಾನ ಕೂಡ ನಿಷಿದ್ಧ. ಎಲ್ಲವನ್ನೂ ಕತ್ತರಿಸಿದ ಮೇಲೆ ಉಳಿಯುತ್ತಿದ್ದುದು ಆ ಹಳೆಯ ಸಾಲು ಮಾತ್ರ: ನಾನು ಕ್ಷೇಮ.

ಈ ಸಾಲಿಗೆ ನಮ್ಮ ನಾಡಿನಲ್ಲಿ ಎಷ್ಟು ವಯಸ್ಸಾಗಿದೆ ಎಂಬುದನ್ನು ಮೊದಲು ನೋಡೋಣ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ ಅವರು 1892ರಲ್ಲಿ ಪತ್ತೆಹಚ್ಚಿದ ಅಶೋಕನ ಶಾಸನ ಪ್ರಾಕೃತ ಭಾಷೆಯಲ್ಲಿದೆ. ಅದು ಪ್ರಾರಂಭವಾಗುವುದೇ ಒಂದು ಪತ್ರದ ರೀತಿಯಲ್ಲಿ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಮಹಾಮಾತ್ರರು, ಇಸಿಲದಲ್ಲಿದ್ದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸಿ, ಅನಂತರ ರಾಜಾಜ್ಞೆಯನ್ನು ತಿಳಿಸುತ್ತಾರೆ. ಚಕ್ರವರ್ತಿಯ ಆಜ್ಞೆಗೂ ಮುಂಚೆ ಕ್ಷೇಮಸಮಾಚಾರ! ಆ ಸುವರ್ಣಗಿರಿಯನ್ನು ನಮ್ಮ ಭಾಗದ ಮಸ್ಕಿ ಅಥವಾ ಕನಕಗಿರಿಯೊಂದಿಗೆ ಗುರುತಿಸುವ ವಿದ್ವಾಂಸರಿದ್ದಾರೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ನಮ್ಮ ನೆಲದಲ್ಲಿ ಓಡಾಡಿದ ಒಂದು ಪತ್ರ ‘ಆರೋಗ್ಯವೇ?’ ಎಂದು ಕೇಳಿಕೊಂಡೇ ಹೊರಟಿತ್ತು.

ಮಸ್ಕಿಯ ಶಾಸನ ಬೆಳಕಿಗೆ ಬಂದದ್ದು 1915ರಲ್ಲಿ. ಸಿ. ಬೀಡನ್ ಎಂಬ ಗಣಿ ಎಂಜಿನಿಯರರು ಅದನ್ನು ಗುರುತಿಸಿದರು. ಅಶೋಕ ಎಂಬ ಹೆಸರೇ ಅದರಲ್ಲಿ ಕೊರೆದಿದ್ದರಿಂದ ‘ದೇವಾನಾಂಪ್ರಿಯ’ ಯಾರು ಎಂಬುದು ಸ್ಥಿರಪಟ್ಟಿತು. ಇದೆಲ್ಲವನ್ನೂ ನೀವು ತರಗತಿಯಲ್ಲಿ ಕೇಳಿದ್ದೀರಿ. ಅದೇ 1915ರಲ್ಲಿ ಫ್ರಾನ್ಸಿನ ರಣರಂಗದಲ್ಲಿ ಭಾರತೀಯ ಸೈನಿಕರು ಮನೆಗೆ ಪತ್ರ ಬರೆಯುತ್ತಿದ್ದರು. ಆಗ ಬ್ರಿಟಿಷ್ ಸೇನೆಯಲ್ಲಿ ಅಚ್ಚುಹಾಕಿದ ಒಂದು ಕಾರ್ಡ್ ಬಳಕೆಯಲ್ಲಿತ್ತು. ನಾನು ಚೆನ್ನಾಗಿದ್ದೇನೆ, ಆಸ್ಪತ್ರೆಗೆ ಸೇರಿದ್ದೇನೆ, ನಿಮ್ಮ ಪತ್ರ ತಲುಪಿತು ಎಂಬಂಥ ಕೆಲವು ವಾಕ್ಯಗಳು ಅದರಲ್ಲಿ ಮೊದಲೇ ಇರುತ್ತಿದ್ದವು. ಬೇಡವಾದುದನ್ನು ಗೀಟು ಹಾಕಿ ಹೊಡೆದು, ದಿನಾಂಕ ಮತ್ತು ಸಹಿ ಮಾತ್ರ ಹಾಕಬೇಕು. ಒಂದು ಪದ ಹೆಚ್ಚಿಗೆ ಬರೆದರೂ ಕಾರ್ಡನ್ನು ನಾಶಪಡಿಸಲಾಗುವುದು ಎಂದು ಅದರ ಮೇಲೇ ಎಚ್ಚರಿಕೆ ಇತ್ತು. ನಾಲ್ಕು ಸಾಲು ಹೊಡೆದು ‘ಚೆನ್ನಾಗಿದ್ದೇನೆ’ ಎಂಬ ಸಾಲನ್ನು ಮಾತ್ರ ಉಳಿಸಿದ ಆ ಕಾರ್ಡುಗಳಿಗಾಗಿ ಲಕ್ಷಾಂತರ ಮನೆಗಳು ಕಾದು ಕುಳಿತಿದ್ದವು.

ಭೂಸೈನಿಕನಿಗೂ ನಾವಿಕನಿಗೂ ಪತ್ರದ ವಿಷಯದಲ್ಲಿ ಒಂದು ದೊಡ್ಡ ವ್ಯತ್ಯಾಸವಿದೆ. ಸೈನಿಕನ ಪಾಳೆಯದ ಹಿಂದೆಯೇ ಫೀಲ್ಡ್ ಪೋಸ್ಟ್ ಆಫೀಸು ಹೋಗುತ್ತದೆ. ನಮ್ಮ ದೇಶದ ಸೇನೆಯೊಂದಿಗೆ ಇಂಥ ಕಚೇರಿ ಹೊರಟದ್ದು 1856ರ ಪರ್ಷಿಯಾ ದಂಡಯಾತ್ರೆಯ ಕಾಲದಲ್ಲಿ. ಆದರೆ ನಡುಸಮುದ್ರದಲ್ಲಿ ಅಂಚೆ ಡಬ್ಬಿ ಇರುವುದಿಲ್ಲ. ಹಡಗು ಬಂದರು ಮುಟ್ಟುವವರೆಗೆ ಬರೆದ ಪತ್ರ ಹಡಗಿನಲ್ಲಿಯೇ, ಮನೆಯಿಂದ ಬಂದ ಪತ್ರ ದಡದಲ್ಲಿಯೇ. ಹಡಗು ಮುಂದಿನ ಬಂದರಿಗೆ ಬರುತ್ತದೆಂದು ಚೀಲಗಳನ್ನು ಅಲ್ಲಿಗೆ ಕಳುಹಿಸಿದರೆ, ಅಷ್ಟರಲ್ಲಿ ಆಜ್ಞೆ ಬದಲಾಗಿ ಹಡಗು ಬೇರೆ ದಿಕ್ಕಿಗೆ ಹೋಗಿರುತ್ತಿತ್ತು. ಟಪಾಲು ಚೀಲಗಳು ಹಡಗನ್ನು ಬಂದರಿನಿಂದ ಬಂದರಿಗೆ ಅಟ್ಟಿಸಿಕೊಂಡು ಹೋಗುತ್ತಿದ್ದವು. ಹೀಗಾಗಿ ಮಾರ್ಚ್ ತಿಂಗಳ ಪತ್ರ ಜನವರಿಯ ಪತ್ರಕ್ಕಿಂತ ಮೊದಲು ಕೈಸೇರುವುದು ಸಾಮಾನ್ಯವಾಗಿತ್ತು. ಇದಕ್ಕೆ ಬಹಳ ಮಂದಿ ಕಂಡುಕೊಂಡ ಉಪಾಯವೆಂದರೆ ಪ್ರತಿ ಪತ್ರಕ್ಕೂ ಕ್ರಮಸಂಖ್ಯೆ ಹಾಕುವುದು. 11ರ ನಂತರ 14 ಬಂದರೆ ನಡುವಿನ ಎರಡು ಎಲ್ಲೋ ಇವೆ, ಅಥವಾ ಸಮುದ್ರದ ಪಾಲಾಗಿವೆ ಎಂದು ಮನೆಯವರು ಲೆಕ್ಕ ಹಾಕಿಕೊಳ್ಳುತ್ತಿದ್ದರು.

ನಮ್ಮದು ಸಮುದ್ರ ಕಾಣದ ಸೀಮೆ. ಸಿಂಧನೂರು, ಲಿಂಗಸುಗೂರು, ಮಸ್ಕಿಗಳಿಗೆ ದೊಡ್ಡ ನೀರು ಎಂದರೆ ತುಂಗಭದ್ರೆ ಮತ್ತು ಕೃಷ್ಣೆ. ಆದರೂ ಎರಡನೆಯ ಮಹಾಯುದ್ಧದ ಸಮುದ್ರಸಮರಕ್ಕೂ ನಮಗೂ ಒಂದು ನಂಟಿದೆ. ಆಗ ನಾವು ಹೈದರಾಬಾದಿನ ನಿಜಾಮರ ಪ್ರಜೆಗಳು. ಬ್ರಿಟನ್ನಿನಲ್ಲಿ ನಿರ್ಮಾಣವಾಗುತ್ತಿದ್ದ ಒಂದು ಡಿಸ್ಟ್ರಾಯರ್ ಯುದ್ಧನೌಕೆಯ ವೆಚ್ಚಕ್ಕೆ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಹಣ ಕೊಟ್ಟರು. ಅದಕ್ಕಾಗಿ ಆ ಹಡಗಿಗೆ ‘ನಿಜಾಮ್’ ಎಂದೇ ಹೆಸರಿಡಲಾಯಿತು. 1941ರ ಜನವರಿಯಲ್ಲಿ ಅದು ಸೇವೆಗೆ ಇಳಿಯಿತು. ಅದನ್ನು ನಡೆಸಿದವರು ಆಸ್ಟ್ರೇಲಿಯಾದ ನಾವಿಕರು. ಅರಸರ ಸಂಪತ್ತಿನ ಮೂಲವನ್ನು ಹುಡುಕುತ್ತ ಹೋದರೆ ಕೊನೆಗೆ ರೈತನ ಹೊಲವೇ ಸಿಗುತ್ತದೆ. ನಮ್ಮ ಎರೆಭೂಮಿಯ ಜೋಳ, ಹತ್ತಿಯ ಬೆವರೂ ಆ ಉಕ್ಕಿನಲ್ಲಿ ಒಂದಿಷ್ಟು ಬೆರೆತಿತ್ತು ಎಂದರೆ ಅತಿಶಯೋಕ್ತಿಯಾಗಲಾರದು.

ಆ ಹಡಗು 1941ರಲ್ಲಿ ಕ್ರೀಟ್ ದ್ವೀಪದಿಂದ ಸೈನಿಕರನ್ನು ಪಾರುಮಾಡುವ ಕಾರ್ಯದಲ್ಲಿ ತೊಡಗಿತ್ತು. ಮುತ್ತಿಗೆಗೆ ಸಿಕ್ಕಿದ್ದ ಟೊಬ್ರೂಕ್‌ಗೆ ಸಾಮಗ್ರಿ ಸಾಗಿಸಿತು. 1945ರ ಫೆಬ್ರುವರಿಯಲ್ಲಿ ಆಸ್ಟ್ರೇಲಿಯಾದ ನೈಋತ್ಯ ಮೂಲೆಯಾದ ಲೂವಿನ್ ಭೂಶಿರದ ಬಳಿ ಒಂದು ಭಾರೀ ಅಲೆ ಬಡಿದು ಹಡಗು ವಾಲಿದಾಗ ಹತ್ತು ನಾವಿಕರು ಕೊಚ್ಚಿಹೋದರು. ಶತ್ರುವಿನ ಒಂದು ಗುಂಡೂ ಇಲ್ಲದೆ ಹತ್ತು ಮನೆಗಳ ದೀಪ ಆರಿತು. ಅದೇ ವರ್ಷ ಸೆಪ್ಟೆಂಬರ್ 2ರಂದು ಟೋಕಿಯೋ ಕೊಲ್ಲಿಯಲ್ಲಿ ಜಪಾನ್ ಶರಣಾಗತಿಗೆ ಸಹಿ ಹಾಕಿದಾಗ ‘ನಿಜಾಮ್’ ಅಲ್ಲಿ ನಿಂತಿತ್ತು. ಆಸ್ಟ್ರೇಲಿಯಾದ ಎಷ್ಟೋ ತಾಯಂದಿರು ನಾಲ್ಕು ವರ್ಷಗಳ ಕಾಲ ತಮ್ಮ ಮಕ್ಕಳ ಲಕೋಟೆಯ ಮೇಲೆ ಬರೆಯುತ್ತಿದ್ದುದು ನಮ್ಮ ಅರಸರ ಹೆಸರನ್ನು. ಮಗ ಎಲ್ಲಿದ್ದಾನೆಂದು ಅವರಿಗೆ ತಿಳಿಯದು. ಹಡಗಿನ ಹೆಸರೊಂದೇ ಅವನ ಊರು, ಅದೇ ಅವನ ಮನೆ ನಂಬರು.

ನಮ್ಮ ಕಡೆಯ ಟಪಾಲು ವ್ಯವಸ್ಥೆಯೂ ಆಗ ವಿಚಿತ್ರವಾಗಿತ್ತು. ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ಅಂಚೆ ಇತ್ತು. 1869ರಿಂದ ತನ್ನದೇ ಅಂಚೆಚೀಟಿಗಳಿದ್ದವು. ಅವು ಸಂಸ್ಥಾನದ ಗಡಿಯೊಳಗೆ ಮಾತ್ರ ನಡೆಯುತ್ತಿದ್ದವು. ಹೊರಗಿನ ಪತ್ರಕ್ಕೆ ಬ್ರಿಟಿಷ್ ಇಂಡಿಯಾದ ಅಂಚೆಚೀಟಿಯೇ ಬೇಕು. ಹಣದ ಲೆಕ್ಕವೂ ಬೇರೆ: ನಮ್ಮ ಹಾಲಿ ಸಿಕ್ಕಾ ಏಳು ರೂಪಾಯಿ ಕೊಟ್ಟರೆ ಅವರ ಆರು ರೂಪಾಯಿ. ತುಂಗಭದ್ರೆಯ ಆಚೆ ದಡದ ಸಿರುಗುಪ್ಪ ಬಳ್ಳಾರಿ ಜಿಲ್ಲೆಗೆ ಸೇರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ನದಿಯ ಎರಡು ದಡದಲ್ಲೂ ಕನ್ನಡ ಮಾತಾಡುವ ಬೀಗರು, ನಡುವೆ ಎರಡು ಅಂಚೆ, ಎರಡು ನಾಣ್ಯ. ಯುದ್ಧ ಮುಗಿದ ಮೇಲೆ ನಿಜಾಮರ ಅಂಚೆ ಇಲಾಖೆ ಒಂದು ಆಣೆಯ ನೀಲಿ ವಿಜಯಸ್ಮಾರಕ ಅಂಚೆಚೀಟಿಯನ್ನು ಹೊರತಂದಿತು. ಅದರಲ್ಲಿ ಅರಸರ ಚಿತ್ರವಿಲ್ಲ, ತೋಪಿಲ್ಲ, ಹಡಗಿಲ್ಲ. ಮನೆಗೆ ಮರಳಿ ತನ್ನವರನ್ನು ಸೇರುವ ಒಬ್ಬ ಸೈನಿಕ ಇದ್ದಾನೆ. ವಿಜಯವೆಂದರೆ ಏನು ಎಂಬುದನ್ನು ಆ ಚಿಕ್ಕ ಕಾಗದ ಎಷ್ಟು ಚೆನ್ನಾಗಿ ಹೇಳಿದೆ! ಆ ಪ್ರತ್ಯೇಕ ಅಂಚೆ 1950ರಲ್ಲಿ ಭಾರತದ ಅಂಚೆಯಲ್ಲಿ ಲೀನವಾಯಿತು.

ಯುದ್ಧ ಶುರುವಾದಾಗ ರಾಯಲ್ ಇಂಡಿಯನ್ ನೇವಿ ಬಹಳ ಚಿಕ್ಕದು, ಬೆರಳೆಣಿಕೆಯಷ್ಟು ಯುದ್ಧನೌಕೆಗಳಿದ್ದವು. 1945ರ ವೇಳೆಗೆ ಅದು ಸುಮಾರು ಹತ್ತು ಪಟ್ಟು ಬೆಳೆದಿತ್ತು. ಮೊದಲು ಹೆಚ್ಚಾಗಿ ಕೊಂಕಣ ಮತ್ತು ಪಂಜಾಬಿನವರನ್ನು ಸೇರಿಸಿಕೊಳ್ಳುತ್ತಿದ್ದ ನೌಕಾಪಡೆ ಯುದ್ಧಕಾಲದಲ್ಲಿ ದಕ್ಷಿಣದ ಕಡೆಗೂ ತಿರುಗಿತು. ಮದ್ರಾಸ್ ಪ್ರಾಂತ್ಯದಿಂದ ಅಪಾರ ಸಂಖ್ಯೆಯ ಯುವಕರು ಸೇರಿದರು. ದಕ್ಷಿಣ ಕನ್ನಡವೂ ಬಳ್ಳಾರಿಯೂ ಆಗ ಆ ಪ್ರಾಂತ್ಯದ ಭಾಗಗಳೇ ಎಂಬುದನ್ನು ಗಮನಿಸಬೇಕು.

ಇಷ್ಟೊಂದು ಜನರ ಪತ್ರಗಳನ್ನು ಸಾಗಿಸಲು ವಿಮಾನಗಳಲ್ಲಿ ಜಾಗವಿರಲಿಲ್ಲ. ಅದಕ್ಕಾಗಿ 1941ರಲ್ಲಿ ‘ಏರ್‌ಗ್ರಾಫ್’ ಎಂಬ ವಿಧಾನ ಬಂತು. ಪತ್ರವನ್ನು ನಿಗದಿತ ಹಾಳೆಯಲ್ಲಿ ಬರೆದು ಕೊಟ್ಟರೆ ಅದರ ಛಾಯಾಚಿತ್ರವನ್ನು ಕಿರಿದಾದ ಫಿಲ್ಮಿನ ಮೇಲೆ ತೆಗೆದು, ಫಿಲ್ಮನ್ನು ವಿಮಾನದಲ್ಲಿ ಕಳುಹಿಸಿ, ಆ ತುದಿಯಲ್ಲಿ ಮತ್ತೆ ಕಾಗದದ ಮೇಲೆ ಮುದ್ರಿಸಿ ಹಂಚುತ್ತಿದ್ದರು. ಸುಮಾರು 1,600 ಪತ್ರಗಳ ಫಿಲ್ಮಿನ ತೂಕ 150 ಗ್ರಾಂ ಆದರೆ, ಅಷ್ಟೇ ಸಂಖ್ಯೆಯ ಸಾಮಾನ್ಯ ಪತ್ರಗಳ ತೂಕ 23 ಕಿಲೋ. ಮನೆಗೆ ಬರುತ್ತಿದ್ದುದು ಅಂಗೈಯಗಲದ ಒಂದು ಚಿತ್ರ. ಬರೆದವನು ಮುಟ್ಟಿದ ಕಾಗದ ಬಾರದಿದ್ದರೂ ಅವನ ಅಕ್ಷರದ ಓಟ ಬರುತ್ತಿತ್ತು. ‘ಕ್ಷೇಮ’ ಎಂಬ ಪದವನ್ನು ಅಚ್ಚು ಹಾಕಬಹುದು. ಅವನೇ ಬರೆದದ್ದು ಎಂಬ ನಂಬಿಕೆ ಹುಟ್ಟುವುದು ಕೈಬರಹದಿಂದ. ಅಕ್ಷರ ಬಾರದ ತಾಯಿಯೂ ಮಗನ ಬರಹದ ಓರೆಕೋರೆಯನ್ನು ಗುರುತಿಸುತ್ತಾಳೆ.

ಇನ್ನು ಸೆನ್ಸಾರ್ ವಿಷಯ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿದ್ದ ಭಾರತೀಯ ಸೈನಿಕರ ಪತ್ರಗಳನ್ನು ಪರಿಶೀಲಿಸಲು ಬೊಲೋನ್ ಪಟ್ಟಣದಲ್ಲಿ ಒಂದು ಕಚೇರಿಯೇ ಇತ್ತು. ಅಲ್ಲಿನವರು ಪತ್ರಗಳನ್ನು ಒಡೆದು ಓದಿ, ಮುಖ್ಯವೆನಿಸಿದ ಭಾಗಗಳನ್ನು ಇಂಗ್ಲಿಷಿಗೆ ಅನುವಾದಿಸಿ ಸರ್ಕಾರಕ್ಕೆ ವರದಿ ಸಲ್ಲಿಸುತ್ತಿದ್ದರು. ಆ ವರದಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಮೂಲ ಪತ್ರಗಳು ಬಹುಮಟ್ಟಿಗೆ ನಾಶವಾಗಿವೆ. ವಿಧಿಯ ವಿಡಂಬನೆಯೆಂದರೆ, ಆ ಹಳ್ಳಿಗರ ಮನದ ಮಾತನ್ನು ಇಂದಿನವರೆಗೆ ಉಳಿಸಿಕೊಟ್ಟವರು ಅವರ ಪತ್ರವನ್ನು ಕದ್ದು ಓದಿದವರೇ. ಹಡಗಿನಲ್ಲಿ ಹೀಗಲ್ಲ. ನಾವಿಕನ ಪತ್ರವನ್ನು ಓದುತ್ತಿದ್ದವನು ಅದೇ ಹಡಗಿನ ಅಧಿಕಾರಿ. ಬೆಳಿಗ್ಗೆ ಎದುರಿಗೆ ನಿಂತು ಸೆಲ್ಯೂಟ್ ಮಾಡಬೇಕಾದವನೇ ರಾತ್ರಿ ತನ್ನ ಹೆಂಡತಿಗೆ ಬರೆದುದನ್ನು ಓದುತ್ತಾನೆ ಎಂದರೆ ಯಾರು ತಾನೇ ಮನಸ್ಸು ಬಿಚ್ಚಿಯಾರು? ಹಾಗಾಗಿ ನಾವಿಕರ ಪತ್ರಗಳು ಇನ್ನಷ್ಟು ಚಿಕ್ಕವಾದವು, ಇನ್ನಷ್ಟು ಔಪಚಾರಿಕವಾದವು. ಆ ಅಧಿಕಾರಿ ಕತ್ತರಿಸುತ್ತಿದ್ದನೇ ಹೊರತು ನಕಲು ಇಟ್ಟುಕೊಳ್ಳುತ್ತಿರಲಿಲ್ಲ. ಆದ್ದರಿಂದ ಸಮುದ್ರದ ಪತ್ರಗಳಿಗೆ ಉಳಿದ ಒಂದೇ ದಫ್ತರಖಾನೆ ಮನೆಯ ಟ್ರಂಕು.

ಯುದ್ಧನೌಕೆಗಳಲ್ಲಿ ಇದ್ದವರು ಮಾತ್ರ ನಾವಿಕರಲ್ಲ. ಬ್ರಿಟನ್ನಿನ ವ್ಯಾಪಾರಿ ಹಡಗುಗಳಲ್ಲಿ ಕಲ್ಲಿದ್ದಲು ತುಂಬುವ, ಅಡುಗೆ ಮಾಡುವ, ಡೆಕ್ಕು ತೊಳೆಯುವ ಕೆಲಸಕ್ಕೆ ಭಾರತೀಯರು ದೊಡ್ಡ ಸಂಖ್ಯೆಯಲ್ಲಿದ್ದರು. ‘ಲಸ್ಕರ್’ ಎಂದು ಅವರನ್ನು ಕರೆಯುತ್ತಿದ್ದರು. ಹಡಗು ಸೆರೆಸಿಕ್ಕಾಗ ಅವರಲ್ಲಿ ಹಲವರು ಜರ್ಮನಿಯ ಬ್ರೆಮೆನ್ ನಗರದ ಸಮೀಪದ ನಾವಿಕರ ಬಂದೀಶಿಬಿರವನ್ನು ಸೇರಿದರು. ಅಲ್ಲಿ ಭಾರತೀಯರಿಗೇ ಒಂದು ಪ್ರತ್ಯೇಕ ಭಾಗವಿತ್ತು. ಹಡಗು ಮುಳುಗಿದಾಗ ಅವರಿಗೆ ಸಮಾಧಿಯೂ ಇಲ್ಲ. ಎರಡನೆಯ ಮಹಾಯುದ್ಧದಲ್ಲಿ ಸಮುದ್ರದ ಪಾಲಾದ ಆರು ಸಾವಿರಕ್ಕೂ ಮಿಕ್ಕಿದ ಭಾರತೀಯ ನಾವಿಕರ ಹೆಸರುಗಳನ್ನು ಮುಂಬೈ ಮತ್ತು ಚಿತ್ತಗಾಂಗ್‌ಗಳಲ್ಲಿ ಸ್ಮರಣಗ್ರಂಥಗಳಲ್ಲಿ ಬರೆದಿಟ್ಟಿದ್ದಾರೆ. ಮುಂಬೈಯಲ್ಲಿ ಅದು ಇರುವುದು ಮಸ್ಜಿದ್ ಬಂದರಿನ ನಾವಿಕರ ವಸತಿಗೃಹದಲ್ಲಿ. ನೆಲದ ಮೇಲೆ ಸತ್ತವನಿಗೆ ಒಂದು ಹಿಡಿ ಮಣ್ಣಾದರೂ ಸಿಗುತ್ತದೆ. ನೀರಿನಲ್ಲಿ ಹೋದವನ ಮನೆಯವರಿಗೆ ಕೊನೆಯ ಪತ್ರವೇ ಗದ್ದಿಗೆ.

ಸ್ವತಂತ್ರ ಭಾರತದಲ್ಲೂ ಅಂಥ ರಾತ್ರಿ ಬಂತು. 1971ರ ಡಿಸೆಂಬರ್ 9ರಂದು ದಿಯು ಸಮೀಪದ ಸಮುದ್ರದಲ್ಲಿ ನಮ್ಮ ‘ಐ.ಎನ್.ಎಸ್. ಖುಕ್ರಿ’ ಪಾಕಿಸ್ತಾನದ ಜಲಾಂತರ್ಗಾಮಿಯ ದಾಳಿಗೆ ಸಿಕ್ಕಿ ಮುಳುಗಿತು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗಿನೊಂದಿಗೇ ಹೋದರು. ಅವರೂ ಸೇರಿ 18 ಅಧಿಕಾರಿಗಳು, 176 ನಾವಿಕರು ಪ್ರಾಣ ಕಳೆದುಕೊಂಡರು. ಸಮುದ್ರದ ಟಪಾಲಿನ ಅತ್ಯಂತ ಕ್ರೂರವಾದ ಗುಣ ಇಂಥ ಹೊತ್ತಿನಲ್ಲಿಯೇ ತಿಳಿಯುವುದು. ತಂತಿ ಬೇಗ ಬರುತ್ತದೆ, ಪತ್ರ ನಿಧಾನವಾಗಿ ಬರುತ್ತದೆ. ಸಾವಿನ ಸುದ್ದಿ ಮುಟ್ಟಿದ ಎಷ್ಟೋ ದಿನಗಳ ಮೇಲೆ ಅದೇ ಮನೆಯ ಬಾಗಿಲಿಗೆ ‘ನಾನು ಇಲ್ಲಿ ಕ್ಷೇಮ’ ಎಂಬ ಪತ್ರ ಬರಬಹುದು. ಬರೆದ ದಿನ ಅದು ಸತ್ಯವೇ ಆಗಿತ್ತು.

1999ರ ಕಾರ್ಗಿಲ್ ಯುದ್ಧ ನಿಮಗೆಲ್ಲ ನೆನಪಿದೆ. ಹಿಮಪರ್ವತದ ಯುದ್ಧವನ್ನು ಟಿ.ವಿ.ಯಲ್ಲಿ ನೋಡುತ್ತಿದ್ದ ನಮಗೆ, ಅದೇ ವೇಳೆ ನೌಕಾಪಡೆಯೂ ‘ಆಪರೇಷನ್ ತಲ್ವಾರ್’ ಎಂಬ ಹೆಸರಿನಲ್ಲಿ ಅರಬ್ಬೀ ಸಮುದ್ರದಲ್ಲಿ ಸಜ್ಜಾಗಿ ನಿಂತಿದ್ದುದು ಅಷ್ಟಾಗಿ ತಿಳಿಯಲಿಲ್ಲ. ನನ್ನ ಒಬ್ಬ ವಿದ್ಯಾರ್ಥಿ ಆಗ ನೌಕಾಪಡೆಯಲ್ಲಿದ್ದ. ಅವನ ತಾಯಿ ನಮ್ಮ ತಾಲ್ಲೂಕಿನ ಒಂದು ಹಳ್ಳಿಯವರು, ಓದು ಬಾರದವರು. ಸಂತೆಗೆ ಬಂದ ದಿನ ಶಾಲೆಗೂ ಬಂದು, ಸೆರಗಿನಲ್ಲಿ ಕಟ್ಟಿಕೊಂಡು ತಂದ ಇನ್‌ಲ್ಯಾಂಡ್ ಪತ್ರವನ್ನು ನನ್ನಿಂದ ಓದಿಸಿಕೊಳ್ಳುತ್ತಿದ್ದರು. ಹುಡುಗನ ವಿಳಾಸದಲ್ಲಿ ಊರಿಲ್ಲ. ಹಡಗಿನ ಹೆಸರು, ಕೆಳಗೆ ‘ಫ್ಲೀಟ್ ಮೇಲ್ ಆಫೀಸ್, ಮುಂಬೈ’ ಎಂದು ಮಾತ್ರ. ಆ ಜೂನ್ ತಿಂಗಳಲ್ಲಿ ಪತ್ರ ಬಹಳ ತಡವಾಗಿ ಬಂತು. ನಾನು ಓದಿ ಮುಗಿಸಿದ ಮೇಲೆ ಅವರು ಕೇಳಿದರು:

“ಎಲ್ಲದೀನಂತ ಬರದಾನ್ರಿ ಸರ?”

“ಅದನ್ನ ಬರಿಯಂಗಿಲ್ಲ ಯವ್ವ. ಆರಾಮ ಅದೀನಿ ಅಂತ ಬರದಾನ.”

“ಅವನ ಕೈಲೆ ಬರದಾನಲ್ರಿ?”

“ಅವನದ ಅಕ್ಷರ. ನಾನ ಕಲಿಸೀನಲ್ಲ, ಗುರುತು ಸಿಗತೈತಿ.”

“ಅಷ್ಟ ಸಾಕ್ರಿ.”

ಕಾಗದವನ್ನು ಮಡಚಿ ಮತ್ತೆ ಸೆರಗಿಗೆ ಕಟ್ಟಿಕೊಂಡು ಅವರು ಬಸ್ಸಿಗೆ ಹೋದರು. ಆ ಪತ್ರದಲ್ಲಿ ಸ್ಥಳ ಇರಲಿಲ್ಲ. ಪರೀಕ್ಷೆಯಲ್ಲಾಗಿದ್ದರೆ ಅದಕ್ಕೆ ಅಂಕ ಕಳೆಯಬೇಕಾಗಿತ್ತು. ಆದರೆ ಆ ತಾಯಿಗೆ ಬೇಕಾದ ಎರಡೂ ಅದರಲ್ಲಿದ್ದವು: ಕ್ಷೇಮ ಎಂಬ ಮಾತು, ಮಗನ ಕೈಬರಹ. ಹುಡುಗ ಮುಂದೆ ಸೇವಾವಧಿ ಮುಗಿಸಿ ಸುಖವಾಗಿ ಊರಿಗೆ ಮರಳಿದ ಎಂಬುದನ್ನು ಸಂತೋಷದಿಂದ ಹೇಳುತ್ತೇನೆ.

ಬ್ರಿಟನ್ನಿನ ಅಣ್ವಸ್ತ್ರ ಜಲಾಂತರ್ಗಾಮಿಗಳ ನಾವಿಕರಿಗೆ ಮನೆಯಿಂದ ವಾರಕ್ಕೊಮ್ಮೆ ನಲವತ್ತು ಪದಗಳ ಸಂದೇಶ ಮಾತ್ರ ತಲುಪುವ ಪದ್ಧತಿ ಬಹುಕಾಲ ಇತ್ತು. ಅವರು ಮರುತ್ತರ ಕೊಡುವಂತಿಲ್ಲ, ಮನೆಯವರು ಕೆಟ್ಟ ಸುದ್ದಿ ಬರೆಯುವಂತಿಲ್ಲ. ತಂತ್ರಜ್ಞಾನ ಎಷ್ಟೇ ಬೆಳೆದರೂ ನಾವಿಕನಿಗೂ ಮನೆಗೂ ನಡುವೆ ಓಡಾಡುವ ಮಾತು ಅಷ್ಟೇ ಎಂದಾಯಿತು. ನಮ್ಮಲ್ಲಿ ತಂತಿ ಸೇವೆ 2013ರ ಜುಲೈಯಲ್ಲಿ ನಿಂತುಹೋಯಿತು. ಈಗ ಹಡಗು ಬಂದರಿಗೆ ಬಂದೊಡನೆ ಮೊಬೈಲ್ ಮಾತಾಡುತ್ತದೆ, ಮುಖವೂ ಕಾಣುತ್ತದೆ. ಅದು ಒಳ್ಳೆಯದೇ. ಸೆರಗಿನಲ್ಲಿ ಕಾಗದ ಕಟ್ಟಿಕೊಂಡು ಮೈಲುಗಟ್ಟಲೆ ಬರುವ ಕಷ್ಟ ಯಾವ ತಾಯಿಗೂ ಬೇಡ. ಆದರೆ ಮೊಬೈಲಿನ ಮಾತು ಮುಗಿದೊಡನೆ ಮುಗಿಯಿತು; ಟ್ರಂಕಿನಲ್ಲಿ ಉಳಿಯುವುದಿಲ್ಲ.

ಆದ್ದರಿಂದ ನನ್ನ ವಿದ್ಯಾರ್ಥಿಗಳಲ್ಲಿ, ಬಂಧುಗಳಲ್ಲಿ ಒಂದು ವಿನಂತಿ. ಸೇನೆ, ನೌಕಾಪಡೆ, ವ್ಯಾಪಾರಿ ಹಡಗು ಎಲ್ಲಿಯಾದರೂ ದುಡಿದ ಹಿರಿಯರ ಪತ್ರಗಳು ನಿಮ್ಮ ಮನೆಯಲ್ಲಿದ್ದರೆ ದೀಪಾವಳಿಯ ಸ್ವಚ್ಛತೆಯ ಹೆಸರಿನಲ್ಲಿ ರದ್ದಿಗೆ ಹಾಕಬೇಡಿರಿ. ‘ಬರೀ ಕ್ಷೇಮ ಅಂತ ಇದೆ, ಏನೂ ವಿಷಯವಿಲ್ಲ’ ಎನ್ನಬೇಡಿರಿ. ಲಕೋಟೆಯನ್ನೂ ಪತ್ರದ ಜೊತೆಗೇ ಇಡಿರಿ. ಬರೆದವನು ಹೇಳಲಾಗದ ಸ್ಥಳವನ್ನು, ದಿನವನ್ನು ಕೆಲವೊಮ್ಮೆ ಅದರ ಮೇಲಿನ ಮುದ್ರೆ ಹೇಳುತ್ತದೆ. ಪ್ಲಾಸ್ಟಿಕ್ ಹಾಳೆ ಅಂಟಿಸದೆ, ಪಿನ್ನು ಚುಚ್ಚದೆ, ಒಣಗಿದ ಜಾಗದಲ್ಲಿ ಕಾಗದದ ಕವರಿನೊಳಗೆ ಇರಿಸಿ. ಬರೆದವರು ಯಾರು, ಯಾರಿಗೆ ಬರೆದರು, ಮನೆಯಲ್ಲಿ ಅದನ್ನು ಯಾರು ಓದಿ ಹೇಳುತ್ತಿದ್ದರು ಎಂಬುದನ್ನು ಹಿರಿಯರು ಇರುವಾಗಲೇ ಕೇಳಿ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿರಿ. ಬಿಡುವು ಸಿಕ್ಕಾಗ ನಿಮ್ಮ ಮಕ್ಕಳಿಗೆ ಒಂದು ಪತ್ರವನ್ನಾದರೂ ಗಟ್ಟಿಯಾಗಿ ಓದಿ ಹೇಳಿರಿ.

ಎಲ್ಲರಿಗೂ ಶುಭವಾಗಲಿ. ನಾನು ಸಿಂಧನೂರಿನಲ್ಲಿ ಕ್ಷೇಮ. ನಿಮ್ಮ ಕ್ಷೇಮಸಮಾಚಾರಕ್ಕೆ ಬರೆಯುತ್ತಿರಿ.